ಕೆಂಚೇಶ ಕ್ಯೂಎಸ್‌ಎಲ್ ಅಂದಿದ್ದು

ಚನ್ನಗಿರಿ ಕೆಂಚೇಶ ಜಗಳೂರಿನ ತನಕ ಒಂದು ಮಾತೂ ಆಡದಂಗೆ ಬಸ್ಸಿನಾಗೆ ಕೂತಿದ್ದ ಅಂದ್ರೆ ಇವತ್ತಿಗೂ ಆ ಕಡೆ ಜನ ನಂಬಲ್ಲ. ಸೂಳೆಕೆರೆಯಾಗೆ ಒಂದು ಮೀನು ಅವ್ನ ಏರಿಯಲ್ ವೈರು ನುಂಗಿತ್ತು, ಹಿಡಿದು ಕೊಯ್ಯಾಕೆ ಹೋದ್ರೆ ಹೊಟ್ಟೆಯೊಳಗಿಂದ ಪ್ರದೇಶ ಸಮಾಚಾರ ಕೇಳಿಸ್ತು, ವಾರ್ತೆ ಮುಗಿಯೋ ತನಕ ಕಾದು ಆಮೇಲೆ ಸಾರು ಮಾಡಿದ್ರು ಅಂತ ಹೇಳಿ ನೋಡಿ, ಅದನ್ನ ನಂಬ್ತಾರೆ. ಮೀನಿಗೆ ಮಾತು ಬಂದ್ರೂ ಬರಬಹುದು, ಕೆಂಚೇಶನ ಬಾಯಿ ಮುಚ್ಚಾಕೆ ಸಾಧ್ಯನೇ ಇಲ್ಲ ಅಂತ ಅವ್ರ ಲೆಕ್ಕ.

ಆದ್ರೆ ಅವತ್ತು ಮುಚ್ಚಿತ್ತು. ಸತ್ತ ಹೆಂಡ್ತಿ ಕೊನೆಕೊನೆಗೆ ಹೇಳ್ತಿದ್ದ ಮಾತು ಅವ್ನ ಬಾಯಾಗಿತ್ತು. ಏನು ಮಾತು ಅಂತ ಅವ್ನಿಗೇ ಗೊತ್ತಿರ್ಲಿಲ್ಲ. ಬರೀ ಅದ್ರ ಬಡಿತ ನೆನಪಿತ್ತು. ಬೊಗಸೆಯಾಗೆ ನೀರು ತಗೊಂಡು ಹೋಗ್ತಾರಲ್ಲ, ಹಂಗೆ ಅದನ್ನ ತಗೊಂಡು ಹೊರಟಿದ್ದ. ಒಂದು ಮಾತು ಬೇರೆ ಆಡಿದ್ರೆ ಎಲ್ಲಿ ಚೆಲ್ಲಿ ಹೋಗುತ್ತೋ ಅಂತ ಭಯ.

ಕೆಂಚೇಶಂದು ಬಸ್‌ಸ್ಟ್ಯಾಂಡ್ ಹತ್ರ ಮೋಟ್ರು ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟ್ರು ಬರೋವು, ತಾಮ್ರದ ತಂತಿ ಸುತ್ತಿ ಜೀವ ಕೊಟ್ಟು ಕಳಿಸೋನು. ಹೆಂಡ್ತಿ ಮಮತಾ, ಹೊನ್ನಾಳಿಯೋಳು, ಮೇಲಿನ ಅಂತಸ್ತಿನಾಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸ್ತಿದ್ಲು. ಕೆಳಗೆ ಗಂಡನ ಬಾಯಿ, ಮೇಲೆ ಹೆಂಡ್ತಿ ಬೆರಳು, ಎರಡೂ ನಿಂತಿದ್ದನ್ನ ನೋಡಿದೋರಿಲ್ಲ ಅಂತ ಓಣಿಯೋರು ಅಂತಿದ್ರು. ಮಕ್ಕಳಾಗಲಿಲ್ಲ. ಆಗಿದ್ರೆ ಅವಕ್ಕೆ ಹೆಸ್ರು ಬದ್ಲು ರೇಡಿಯೊದಾಗೆ ಕೂಗೋ ನಂಬರು, ಅದೇ ಕಾಲ್‌ಸೈನ್, ಇಡ್ತಿದ್ರು ಅಂತಾನೂ ಅಂತಿದ್ರು. ಯಾಕಂದ್ರೆ ಗಂಡ ಹೆಂಡ್ತಿ ಇಬ್ರಿಗೂ ಹ್ಯಾಮ್ ರೇಡಿಯೊ ಹುಚ್ಚು.

ಅದು ಹತ್ತಿದ್ದು ಹೊನ್ನಾಳಿಯಾಗೆ. ಹೊಸದಾಗಿ ಮದುವೆ ಆಗಿ ಮಾವನ ಮನೆಗೆ ಹೋಗಿದ್ದ ಕೆಂಚೇಶ, ತುಂಗಭದ್ರೆ ದಡ ಮೀರಿದ್ರಿಂದ ಅಲ್ಲೇ ಸಿಕ್ಕಾಕ್ಕೊಂಡಿದ್ದ. ಫೋನು ಸತ್ತಿದ್ವು. ಯಾರೋ ಇಬ್ರು ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಒಂದು ಉದ್ದನೆ ತಂತಿ ತಂದು ಶಾಲೆ ಜಗಲಿ ಮೇಲೆ ಕೂತು ದಾವಣಗೆರೆ ಜೊತೆ ಮಾತಾಡ್ತಿದ್ರು. 'ಯಾವ ಹಾಡು ಬರ್ತತ್ರಿ ಇದ್ರಾಗೆ?' ಅಂದ ಕೆಂಚೇಶ. 'ಇದು ಹೆಂಗೆ ಹೋಗುತ್ತೆ?' ಅಂದ್ಲು ಮಮತಾ. ಅಲ್ಲಿಗೆ ಇಬ್ರ ದಾರಿನೂ ಗೊತ್ತಾಗೋಯ್ತು. ನೀರು ಇಳಿಯೋದ್ರೊಳಗೆ ಅವ್ಳು ಪೆಟ್ಟಿಗೆ ಬಿಚ್ಚಿಸಿ ನೋಡಿದ್ಲು, ಇವ್ನು ಆ ಇಬ್ರಿಗೂ ಮೂರು ಸುಳ್ಳು ಹೇಳಿ ಸ್ನೇಹ ಮಾಡ್ಕಂಡಿದ್ದ.

ಹ್ಯಾಮ್ ಅಂದ್ರೆ ಏನು ಅಂತ ಅಂಗಡಿಗೆ ಬಂದೋರು ಕೇಳಿದ್ರೆ ಕೆಂಚೇಶ ಹೇಳ್ತಿದ್ದ: "ಎಫ್‌ಎಮ್ಮಿನಾಗೆ ಅವ್ರು ಮಾತಾಡ್ತಾರೆ, ನೀನು ಕೇಳ್ಬೇಕು. ಇದ್ರಾಗೆ ನೀನೂ ಮಾತಾಡ್ಬಹುದು. ಸರ್ಕಾರದೋರು ಪರೀಕ್ಷೆ ಮಾಡಿ ಲೈಸೆನ್ಸ್ ಕೊಡ್ತಾರೆ. ಆದ್ರೆ ವ್ಯಾಪಾರದ ಮಾತು ಆಡಂಗಿಲ್ಲ, ರಾಜಕೀಯ ಆಡಂಗಿಲ್ಲ, ಬೈಯಂಗಿಲ್ಲ."

"ಮತ್ತೆ ಆಡಾಕೆ ಏನ್ ಉಳೀತಣ್ಣ?"

"ಸುಳ್ಳು."

ಪರೀಕ್ಷೆಗೆ ಇಬ್ರೂ ಕೂತಿದ್ರು. ಅದ್ರಾಗೆ ಮೋರ್ಸ್ ಅಂತ ಒಂದು ಪಾಠ. ಡಿ ಅಂದ್ರೆ ಚಿಕ್ಕ ಸದ್ದು, ಡಾ ಅಂದ್ರೆ ಉದ್ದ ಸದ್ದು. ಡಿ-ಡಾ ಜೋಡಿಸಿದ್ರೆ ಇಂಗ್ಲಿಷ್ ಅಕ್ಷರ, ಅಕ್ಷರ ಜೋಡಿಸಿದ್ರೆ ಮಾತು. ಮಮತಾ ಕನ್ನಡನೇ ಇಂಗ್ಲಿಷ್ ಅಕ್ಷರದಾಗೆ ಬಡಿಯೋಳು. ಟೈಪಿಂಗ್ ಬೆರಳು, ಮೊದಲ ಸಲಕ್ಕೇ ಪಾಸು. ಕೆಂಚೇಶ ಫೇಲು. ಪರೀಕ್ಷೆ ಮಾಡೋರ ಕೈ ನಡುಗ್ತಿತ್ತು ಅಂತ ಊರಿಗೆಲ್ಲ ಹೇಳಿದ. ಮೋರ್ಸ್ ಬೇಡದ ಚಿಕ್ಕ ಲೈಸೆನ್ಸು ಅವ್ನಿಗೆ, ದೊಡ್ಡದು ಅವ್ಳಿಗೆ. ಅವ್ನಿಗೆ ಸರಿಯಾಗಿ ಬರ್ತಿದ್ದ ಅಕ್ಷರ ಒಂದೇ, 'ಇ'. ಅದಕ್ಕೆ ಒಂದೇ ಒಂದು ಡಿ. ಇಂಗ್ಲಿಷಿನಾಗೆ ತನ್ನ ಹೆಸ್ರು ಬರೆದ್ರೆ ಎರಡು ಸಲ ಬರುತ್ತೆ ಅಂತ ಅಭಿಮಾನಕ್ಕೆ ಕಲ್ತಿದ್ದು.

ಫೇಲಾದ್ರೂ ಆಗ್ಲಿ, ತಪ್ಪು ಅಲ್ಲಿಗೆ ನಿಲ್ಲಲಿಲ್ಲ. ಊರಿಗೆ ಬಂದ ಮೇಲೆ ಮಮತಾ ಸ್ಟೀಲ್ ಲೋಟದ ಮೇಲೆ ಉಗುರಿನಿಂದ ಏನೋ ಬಡಿದು, ಹುಬ್ಬು ಎತ್ತಿ ನೋಡಿದ್ಲು. ಅರ್ಥ ಆಯ್ತಾ ಅಂತ. ಕೆಂಚೇಶಂಗೆ ಅರ್ಥ ಆಗಿರ್ಲಿಲ್ಲ. ಅವ್ನು ಗಂಭೀರವಾಗಿ ತಲೆ ಅಲ್ಲಾಡಿಸಿ, "ಕ್ಯೂಎಸ್‌ಎಲ್" ಅಂದ.

ಕ್ಯೂಎಸ್‌ಎಲ್ ಅಂದ್ರೆ ಹ್ಯಾಮ್‌ನೋರ ಭಾಷೆಯಾಗೆ 'ನೀನು ಹೇಳಿದ್ದು ಮುಟ್ತು, ತಿಳೀತು' ಅಂತ. ಆ ಜಗತ್ತಿನಾಗೆ ಎಷ್ಟು ಬೇಕಾದ್ರೂ ಬುರುಡೆ ಬಿಡಬಹುದು, ತಿಳೀದೆ ಕ್ಯೂಎಸ್‌ಎಲ್ ಮಾತ್ರ ಅನ್ನಂಗಿಲ್ಲ. ಪ್ರವಾಹದಾಗೆ ಯಾರೋ 'ಹಗ್ಗ ಕಳಿಸಿ' ಅಂದಿರ್ತಾರೆ, ಇವ್ನು ತಿಳೀದೆ ಕ್ಯೂಎಸ್‌ಎಲ್ ಅಂದ್ರೆ ಅವ್ರು ಹಗ್ಗ ಬರುತ್ತೆ ಅಂತ ಕಾಯ್ತಾ ಮುಳುಗ್ತಾರೆ. ಇದು ಕೆಂಚೇಶಂಗೂ ಗೊತ್ತಿತ್ತು. ಆದ್ರೂ ಅಂದ. ಒಂದ್ಸಲ ಅಂದ ಮೇಲೆ ಅನ್ತಾನೇ ಹೋಗ್ಬೇಕಲ್ಲ.

ವರ್ಷಾನುಗಟ್ಟಲೆ ಅಂದ. ಮಮತಾ ಮುಖ ನೋಡಿ ಊಹೆ ಮಾಡೋನು. ಮದುವೆ ಮನೆಯಾಗೆ ದೂರದ ಸಾಲಿನಿಂದ ಲೋಟ ಬಡಿದ್ರೆ ಮನೆಗೆ ಹೋಗೋಣ ಅಂತ ಇರ್ಬೇಕು ಅಂತ ಚಪ್ಪಲಿ ಹುಡುಕೋನು. ನೂರಕ್ಕೆ ಎಂಬತ್ತು ಸಲ ಸರಿ ಹೋಗೋದು, ಮದುವೆ ಆಗಿ ಹಳೇದಾದೋರು ಯಾರಾದ್ರೂ ಅಷ್ಟು ಊಹೆ ಮಾಡ್ತಾರೆ. ಒಂದ್ಸಲ ನ್ಯಾಮತಿಯಾಗೆ ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಾಗ ಅವ್ಳು ಎಲೆ ಪಕ್ಕ ನೆಲದ ಮೇಲೆ ಬಡಿದ್ಲು. ಇವ್ನು ಕ್ಯೂಎಸ್‌ಎಲ್ ಅಂದು ಎದ್ದು ಹೋಗಿ ಉಪ್ಪಿನಕಾಯಿ ತಂದು ಬಡಿಸಿದ. ಅವ್ಳು ಒಂದು ಗಳಿಗೆ ಉಪ್ಪಿನಕಾಯಿ ನೋಡಿದ್ಲು, ಒಂದು ಗಳಿಗೆ ಗಂಡನ್ನ ನೋಡಿದ್ಲು, ಆಮೇಲೆ ಉಪ್ಪಿಲ್ಲದ ಪಲ್ಯಕ್ಕೆ ಅದನ್ನೇ ಕಲಸ್ಕಂಡು ತಿಂದ್ಲು.

ಬೆಳಿಗ್ಗೆ ಕಾಫಿ ಹೊತ್ತಿಗೆ ಅವ್ರ 'ನಾಲ್ಕೂರ ನೆಟ್' ನಡೀತಿತ್ತು. ನೆಟ್ ಅಂದ್ರೆ ಒಂದೇ ಫ್ರೀಕ್ವೆನ್ಸಿಯಾಗೆ ಎಲ್ರೂ ಸೇರೋ ಕಟ್ಟೆ. ಚನ್ನಗಿರಿಯಿಂದ ಇವ್ರಿಬ್ರು, ಹೊನ್ನಾಳಿಯಿಂದ ಮೆಡಿಕಲ್ ಶಾಪಿನ ಪ್ರಸನ್ನಕುಮಾರ್, ನ್ಯಾಮತಿಯಿಂದ ಗಂಗೋತ್ರಿ ಟೀಚರ್, ಜಗಳೂರಿಂದ ಜಂಪಣ್ಣ. ಜಂಪಣ್ಣ ಪೊಲೀಸ್ ವೈರ್‌ಲೆಸ್‌ನಾಗೆ ಇದ್ದು ರಿಟೈರ್ ಆದೋನು. ಮೋರ್ಸ್ ಅಂದ್ರೆ ಅವ್ನಿಗೆ ತಾಯಿ ಭಾಷೆ. ಮೊದಲು ಕೆಂಚೇಶನ ಬುರುಡೆ, ಆಮೇಲೆ ಎಲ್ರ ಕ್ಷೇಮ ಸಮಾಚಾರ, ಕೊನೆಗೆ ಮಮತಾ ಮತ್ತೆ ಜಂಪಣ್ಣ ಮೋರ್ಸಿನಾಗೆ ಅರ್ಧ ಗಂಟೆ ಟಕಟಕ ಅಂತ ಬಡಿಯೋರು. ಆಗ ಕೆಂಚೇಶ ಪಕ್ಕದಾಗೆ ಕೂತು, ಎಲ್ಲ ತಿಳಿದೋನಂಗೆ ನಡುನಡುವೆ ನಗೋನು.

ನೆಟ್ ಮುಗಿಸಿ ಅವ್ಳು ಅವ್ನಿಗೆ ಕಾಫಿ ಕೊಡ್ತಾ, "ನಿಮ್ಮ ಬುರುಡೆ ಇವತ್ತು ಫೈವ್ ನೈನ್ ಬಂತು" ಅನ್ನೋಳು. ಫೈವ್ ನೈನ್ ಅಂದ್ರೆ ಸಿಗ್ನಲ್ಲು ಗಂಟೆ ಹೊಡೆದಂಗೆ ಸ್ಪಷ್ಟ ಅಂತ. ರಾತ್ರಿ ಗೊರಕೆಗೂ ಅದೇ ರಿಪೋರ್ಟು.

ಆಮೇಲೆ ಮಮತಾಗೆ ಗಂಟಲಿನಾಗೆ ಗಂಟು ಬಂತು. ದಾವಣಗೆರೆ ಆಸ್ಪತ್ರೆಯಾಗೆ ಧ್ವನಿಪೆಟ್ಟಿಗೆನೇ ತೆಗೆದ್ರು. ಕುತ್ತಿಗೆಯಾಗೆ ಒಂದು ತೂತು, ಮಾತು ಇಲ್ಲ. ಡಾಕ್ಟ್ರು ಒಂದು ಮಕ್ಕಳ ಸ್ಲೇಟು ಕೊಡಿಸಿದ್ರು, ಬರೆದು ಅಳಿಸೋ ತರದ್ದು. ಅವ್ಳು ಅದ್ರಾಗೆ ಎಲ್ರಿಗೂ ಬರೆಯೋಳು. ನರ್ಸಮ್ಮಂಗೆ 'ಕಾಫಿ ಸಿಗುತ್ತಾ?', ಡಾಕ್ಟ್ರಿಗೆ 'ಪರವಾಗಿಲ್ಲ', ನೋಡಾಕೆ ಬಂದ ಗಂಗೋತ್ರಿ ಟೀಚರಿಗೆ 'ಪರವಾಗಿಲ್ಲ', ಹೊನ್ನಾಳಿ ತಂಗಿಗೆ 'ಪರವಾಗಿಲ್ಲ ಹೋಗೇ'. ಕೆಂಚೇಶಂಗೂ ಬರೆಯೋಳು, ಗ್ಯಾಸ್ ಆಫ್ ಮಾಡಿದ್ರಾ, ಅಂಗಡಿ ಬೀಗ ಹಾಕಿದ್ರಾ ಅಂತ.

ಚನ್ನಗಿರಿಗೆ ಕರ್ಕಂಡು ಬಂದ ಮೇಲೆ ಮಧ್ಯಾಹ್ನದ ಹೊತ್ತು ಒಂದು ಹೊಸ ಪದ್ಧತಿ ಶುರು ಆಯ್ತು. ಅವ್ಳು ಸ್ಲೇಟು ಪಕ್ಕಕ್ಕೆ ಇಟ್ಟು, ಗಂಡನ ಕೈ ಎಳ್ಕಂಡು, ಅಂಗೈ ಮೇಲೆ ಬೆರಳಿನಿಂದ ಬಡಿಯೋಳು. ದಿನಾ ಅದೇ. ಚಿಕ್ಕದು ಉದ್ದದ್ದು ಬೆರೆಸಿ ಒಂದೇ ಮಾತು. ಕೊನೆಯಾಗೆ ಒಂದು ಉದ್ದ ಒತ್ತು ಒತ್ತಿ, ಬೆರಳು ಎತ್ತದೆ ಹಂಗೇ ಇಟ್ಕಳೋಳು. ಕಣ್ಣು ಮುಚ್ಚಿರೋಳು.

ಆಗ ಕೇಳ್ಬಹುದಿತ್ತು, 'ಏನು ಮಮತಾ, ತಿಳೀಲಿಲ್ಲ' ಅಂತ. ಎಷ್ಟೋ ಸಲ ಬಾಯಿ ತನಕ ಬಂತು. ಆದ್ರೆ ಅದನ್ನ ಕೇಳಿದ್ರೆ ಅಷ್ಟು ವರ್ಷದ ಎಲ್ಲ ಕ್ಯೂಎಸ್‌ಎಲ್‌ಗಳೂ ಸುಳ್ಳು ಅಂತ ಆಗ್ತಿತ್ತು. ಊರಿಗೆಲ್ಲ ಸ್ಲೇಟು, ತನಗೊಬ್ಬನಿಗೇ ಅಂಗೈ. ಅದನ್ನ ಕಳ್ಕಳಾಕೆ ಅವ್ನಿಗೆ ಮನಸ್ಸಾಗಲಿಲ್ಲ. ಕಥೆ ಹೇಳು ಅಂತ ಇರ್ಬೇಕು ಅಂತ ಊಹೆ ಮಾಡಿದ.

"ಕ್ಯೂಎಸ್‌ಎಲ್, ಕ್ಯೂಎಸ್‌ಎಲ್" ಅಂದು ಶುರು ಮಾಡೋನು. "ಕತ್ತಲಗೆರೆಯಾಗೆ ಒಬ್ಬ ಬೆದರುಗೊಂಬೆಗೆ ನನ್ನ ಹಳೇ ಹೆಡ್‌ಫೋನ್ ಹಾಕಿದ್ದ. ಏನಾಯ್ತು ಹೇಳು? ಗೊಂಬೆ ಕೆಲಸ ಬಿಟ್ಟು ಹಾಡು ಕೇಳ್ತಾ ನಿಂತ್ಬಿಡ್ತು. ಕಾಗೆಗಳೇ ಬಂದು ಮಾಲೀಕನಿಗೆ ಕಂಪ್ಲೇಂಟ್ ಕೊಟ್ವು…"

ಮಮತಾ ಭುಜ ಅಲ್ಲಾಡೋದು. ಕಣ್ಣಾಗೆ ನೀರು ಬರೋದು. ಸದ್ದಿಲ್ಲದ ನಗು. ಕೆಂಚೇಶಂಗೆ ಅದನ್ನ ನೋಡಿ ಹುರುಪು ಬಂದು ಇನ್ನೊಂದು ಹೇಳೋನು. ಒಂದು ಮಧ್ಯಾಹ್ನ ಹಂಗೇ ಬಡಿದು, ಹಂಗೇ ಬೆರಳಿಟ್ಟು, ಬೆದರುಗೊಂಬೆ ಎರಡನೇ ಸಲ ಕೆಲಸಕ್ಕೆ ಸೇರೋದ್ರೊಳಗೆ ಹೋಗ್ಬಿಟ್ಲು. ಅವ್ನು ಇನ್ನೂ ಸ್ವಲ್ಪ ಹೊತ್ತು ಕಥೆ ಹೇಳ್ತಾನೇ ಇದ್ದ.

ಕಾರ್ಯ ಎಲ್ಲ ಮುಗೀತು. ರೇಡಿಯೊ ಮೇಲೆ ಟವೆಲ್ಲು ಬಿತ್ತು. ಗೋಡೆ ಮೇಲೆ ಬುದ್ಧನ ಫೋಟೊ, ಅದ್ರ ಪಕ್ಕ ಮಮತಾ ತನ್ನ ಕೈಯಾರೆ ಬರೆದ ಮೋರ್ಸ್ ಚಾರ್ಟು. ಕೆಂಚೇಶ ಅದ್ರ ಎದುರು ಕೂತ. ಕಥೆ ಅಂತಾನೇ ಅವ್ಳು ಬಡಿದಿದ್ದಾ? ಅಥವಾ ಏನಾದ್ರೂ ಕೇಳಿದ್ಲಾ, ನಾನು ಕೊಡ್ಲಿಲ್ವಾ? ಹಗ್ಗ ಕಳಿಸಿ ಅಂದೋರಿಗೆ ಉಪ್ಪಿನಕಾಯಿ ಕಳಿಸಿದ್ನಾ? ಈ ಪ್ರಶ್ನೆ ಕೂತ್ರೆ ಮುಳ್ಳು, ನಿಂತ್ರೆ ಮುಳ್ಳು.

ಬಡಿತ ಚೆನ್ನಾಗಿ ನೆನಪಿತ್ತು, ಆದ್ರೆ ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ತಿಳೀಲಿಲ್ಲ. ಒಂದು ಕಡೆ ಕಡಿದು ಚಾರ್ಟು ನೋಡಿದ್ರೆ 'ವೈ ಬಿ ಎಕ್ಸ್' ಬಂತು. ಇನ್ನೊಂದು ಕಡೆ ಕಡಿದ್ರೆ 'ಕೆ ಎಂ ಎಸ್ ಡಿ ಟಿ'. ಯಾವ್ದೋ ಸಹಕಾರ ಸಂಘದ ಹೆಸ್ರಿದ್ದಂಗಿತ್ತು. ಸಾಯೋ ಹೆಂಗಸು ಗಂಡನ ಅಂಗೈ ಮೇಲೆ ಸಹಕಾರ ಸಂಘದ ಹೆಸ್ರು ಬಡಿಯಲ್ಲ ಅಂತ ಅವ್ನಿಗೂ ಅನಿಸ್ತು. ಮೊಬೈಲಿನಾಗೆ ಮೋರ್ಸ್ ಕೇಳಿ ಬರೆಯೋ ಆಪು ಇದೆ ಅಂತ ಹಾಕ್ಕಂಡ. ಅದು ಇವ್ನ ಬಡಿತ ಬಿಟ್ಟು ಸೀಲಿಂಗ್ ಫ್ಯಾನಿನ ಸದ್ದು ಕೇಳಿ ಒಂದು ಪೇಜು ಬರೆದು ಕೊಡ್ತು.

ಇನ್ನು ಜಂಪಣ್ಣನೇ ಗತಿ ಅಂತ ಬಸ್ಸು ಹತ್ತಿದ್ದು.

"ಏನ್ ಕೆಂಚೇಶಣ್ಣ, ಇವತ್ತು ಯಾವ ಮೀನು?" ಅಂದ ಕಂಡಕ್ಟರು.

ಕೆಂಚೇಶ ಬಾಯಿ ತೆಗೀಲಿಲ್ಲ. ದುಡ್ಡು ಕೊಟ್ಟು ದಾವಣಗೆರೆ ಕಡೆ ಕೈ ತೋರಿಸಿದ. ಮನಸ್ಸಿನಾಗೆ ಡಾಡಿಡಾಡಾಡಾ ಅಂತ ಓಡ್ತಾನೇ ಇತ್ತು. ಮರೀಬಾರ್ದು ಅಂತ ಮುಂದಿನ ಸೀಟಿನ ಕಂಬಿ ಮೇಲೆ ಬಡಿಯಾಕೆ ಹತ್ತಿದ.

ಮುಂದೆ ಕೂತಿದ್ದ ಹೆಣ್ಮಗಳು ತಿರುಗಿ, "ಏನ್ರೀ, ನನ್ನ ಬೆನ್ನೇನು ಬಾಗ್ಲೇನ್ರಿ? ಯಾರನ್ನ ಕರೀತೀರಿ?" ಅಂದ್ಲು. ಕೆಂಚೇಶ ಕೈ ಮುಗಿದು ತನ್ನ ತೊಡೆ ಮೇಲೆ ಬಡ್ಕಂಡ.

ಕತ್ತಲಗೆರೆ ಮೂಕಪ್ಪ ಬಂದು ಪಕ್ಕದಾಗೆ ಕೂತ. ಹೆಸ್ರು ಮೂಕಪ್ಪ ಅಂತ ಇಟ್ಟೋರು ಆಮೇಲೆ ಪಶ್ಚಾತ್ತಾಪ ಪಟ್ಟಿರ್ಬೇಕು. "ಏನಪಾ ಕೆಂಚೇಶ, ಎಲ್ಲಿಗೆ? ಅಂಗಡಿ ಯಾರಿಗೆ ಬಿಟ್ಟೆ? ನನ್ನ ಮೋಟ್ರು ಸುತ್ತಿದ್ಯಾ? ಊಟ ಮಾಡ್ತೀಯೋ ಇಲ್ವೋ? ಯಾಕೋ ಮಾತಾಡ್ತಿಲ್ಲ? ಏ, ನಿನ್ನೇ ಕೇಳ್ತಿರೋದು."

ಕೆಂಚೇಶ ಅವ್ನ ಮುಖ ನೋಡಿದ. ಮತ್ತೆ ತೊಡೆ ಮೇಲೆ ಬಡ್ಕಂಡ.

ಮೂಕಪ್ಪ ಸ್ವಲ್ಪ ಹೊತ್ತು ನೋಡಿ, ಎದ್ದು ನಿಂತು, ಇಡೀ ಬಸ್ಸಿಗೆ ಕೇಳಂಗೆ ಹೇಳಿದ: "ಯಾರೂ ಇವ್ನನ್ನ ಮಾತಾಡಿಸ್ಬೇಡ್ರಪ್ಪ. ಹೆಂಡ್ತಿ ಹೋದ ಮೇಲೆ ಮಾತು ಬಿಟ್ಟಾನೆ." ಆಮೇಲೆ ಅವ್ನೂ ಸುಮ್ನಾದ. ಕಂಡಕ್ಟರು ಪೀಪಿ ಊದೋ ಬದ್ಲು ಬಸ್ಸಿನ ತಗಡು ಮೆಲ್ಲಗೆ ತಟ್ಟಿ ಸ್ಟಾಪು ಕೊಟ್ಟ. ಮಗು ಅಳಲಿಲ್ಲ, ಕೋಳಿ ಕೂಗಲಿಲ್ಲ, ಇಂಜಿನ್ನು ಕೂಡ ಗೌರವಕ್ಕೆ ಅರ್ಧ ಸದ್ದಿನಾಗೆ ಓಡ್ತು ಅಂತ ಆ ಬಸ್ಸಿನಾಗಿದ್ದೋರು ಹೇಳ್ತಾರೆ. ಇಳಿಯೋವಾಗ ಮೂಕಪ್ಪ ಕೆಂಚೇಶನ ಜೇಬಿಗೆ ಒಂದು ಎಲೆ, ಎರಡು ಅಡಿಕೆ ಚೂರು ಹಾಕಿ ಭುಜ ಒತ್ತಿದ. ಅಷ್ಟಕ್ಕೇ ಕೆಂಚೇಶಂಗೆ ಬಾಯಿ ಬಿಟ್ಟು ಅಳೋಣ ಅನಿಸ್ತು. ತಡ್ಕಂಡ. ಅತ್ರೂ ಚೆಲ್ಲುತ್ತೆ.

ದಾವಣಗೆರೆಯಾಗೆ ಬಸ್ಸು ಬದ್ಲು ಮಾಡಿ ಜಗಳೂರು ಮುಟ್ಟೋವಾಗ ಬಿಸಿಲು ನೆತ್ತಿ ಮೇಲಿತ್ತು. ಜಂಪಣ್ಣನ ಹೆಂಡ್ತಿ ಶಂಕ್ರಮ್ಮ ಬಾಗ್ಲು ತೆಗೆದು, "ಬಾರಪ್ಪ, ಬಾ. ನೀರು ಕುಡಿ, ಮಂಡಕ್ಕಿ ಕಲಸ್ತೀನಿ" ಅಂದ್ಲು. ಕೆಂಚೇಶ ಸೀದಾ ಒಳಗೆ ಹೋಗಿ, ಪೇಪರ್ ಓದ್ತಿದ್ದ ಜಂಪಣ್ಣನ ಕೈ ಹಿಡ್ಕಂಡು ನೆಲದ ಮೇಲೆ ಕೂತ.

"ಅಯ್ಯ, ನೀರೂ ಕುಡೀದೆ ಇದೇನು ಕೈ ಹಿಡಿಯೋದು! ಇವ್ರೇನು ಶಾಸ್ತ್ರ ಹೇಳ್ತಾರೇನು?" ಅಂದ್ಲು ಶಂಕ್ರಮ್ಮ.

ಕೆಂಚೇಶ ಕಣ್ಣು ಮುಚ್ಚಿದ. ಯೋಚನೆ ಮಾಡ್ಲಿಲ್ಲ. ಮಧ್ಯಾಹ್ನ, ಹಾಸಿಗೆ, ಅವ್ಳ ಬೆರಳು, ಅಷ್ಟೇ ನೆನೆಸ್ಕಂಡ. ಜಂಪಣ್ಣನ ಅಂಗೈ ಮೇಲೆ ಬಡಿದ. ಅವ್ಳು ಎಲ್ಲಿ ಉಸಿರಿಗೆ ನಿಲ್ತಿದ್ಲೋ ಅಲ್ಲಿ ಅವ್ನ ಬೆರಳೂ ನಿಲ್ತು. ಕೊನೆಯ ಉದ್ದ ಒತ್ತಿಗೆ ಬೆರಳು ಎತ್ತದೆ ಹಂಗೇ ಇಟ್ಟ.

ಜಂಪಣ್ಣ "ಇನ್ನೊಂದ್ಸಲ" ಅಂದ. ಕೆಂಚೇಶ ಬಡಿದ. "ಇದು ಯಾರ್ದು?"

"ಮಮತಾದು" ಅಂದ ಕೆಂಚೇಶ. ಆ ದಿನದ ಮೊದಲ ಮಾತು. "ದಿನಾ ಮಧ್ಯಾಹ್ನ ಇದೊಂದೇ ಬಡಿಯೋಳು. ಹೋಗೋ ದಿನಾನೂ."

"ನೀನೇನ್ ಮಾಡ್ತಿದ್ದೆ?"

"ಕ್ಯೂಎಸ್‌ಎಲ್ ಅಂತಿದ್ದೆ. ಆಮೇಲೆ ಒಂದು ಕಥೆ ಹೇಳ್ತಿದ್ದೆ. ನಗೋಳು." ತಲೆ ಬಗ್ಗಿಸಿದ. "ಜಂಪಣ್ಣ, ನನಗೆ ಮೋರ್ಸ್ ಬರಲ್ಲ."

"ಅದು ಗೊತ್ತು ಬಿಡು."

"ಯಾರಿಗೆ ಗೊತ್ತು?"

"ನನಗೆ ಗೊತ್ತು. ಆಯಮ್ಮಂಗೂ ಗೊತ್ತಿತ್ತು. ಉಪ್ಪು ಕೇಳಿದ್ರೆ ಉಪ್ಪಿನಕಾಯಿ ತಂದ್ಯಂತಲ್ಲ, ಮಾರನೇ ದಿನ ಬೆಳಿಗ್ಗೆ ಅದೇ ಅರ್ಧ ಗಂಟೆ ಬಡಿದ್ಲು. ನೀನು ಪಕ್ಕದಾಗೆ ಕೂತು ನಗ್ತಿದ್ದೆ ಅಂತಾನೂ ಬಡಿದ್ಲು. ನಾನೇ ಅಂದೆ, ಹೇಳ್ಬಿಡಮ್ಮ ಅವ್ನಿಗೆ ಅಂತ. ಬೇಡ ಜಂಪಣ್ಣ, ತಿಳೀದೆ ತಲೆ ಅಲ್ಲಾಡಿಸೋವಾಗ ನಮ್ಮನೆಯೋರು ಭಾಳ ಚೆಂದ ಕಾಣ್ತಾರೆ ಅಂದ್ಲು."

ಕೆಂಚೇಶ ಮಂಡಕ್ಕಿ ತಟ್ಟೆ ನೋಡ್ತಾ ಕೂತ. ಶಂಕ್ರಮ್ಮ ಅದನ್ನ ಯಾವಾಗ ತಂದಿಟ್ಟಿದ್ಲೋ ಅವ್ನು ನೋಡಿರ್ಲಿಲ್ಲ. ಅಂದ್ರೆ ತನಗೆ ತಿಳಿಯಲ್ಲ ಅಂತ ಗೊತ್ತಿದ್ದೂ ದಿನಾ ಬಡಿದ್ಲು. ಸ್ಲೇಟು ಪಕ್ಕದಾಗೇ ಇತ್ತು.

"ಏನಂತ ಐತೆ ಜಂಪಣ್ಣ ಅದು?"

ಜಂಪಣ್ಣ ಕನ್ನಡಕ ತೆಗೆದು ಒರೆಸಿದ. ಹಾಕ್ಕಂಡ. ಮತ್ತೆ ತೆಗೆದ. "ನೀನು ಹೇಳಿದ್ದೇ ಸರಿ. ಕಥೆ ಅಂತ. ಕೆ, ಎ, ಟಿ, ಎಚ್, ಇ. ಕಥೆ ಹೇಳು ಅಂತ ಕೇಳಿದಾಳೆ."

ಸುಳ್ಳಿನ ವಿಷಯದಾಗೆ ಕೆಂಚೇಶಂಗೆ ಯಾರೂ ಪಾಠ ಹೇಳೋ ಹಂಗಿರ್ಲಿಲ್ಲ. ಚಿನ್ನದೋನಿಗೆ ಹಿತ್ತಾಳೆ ತೋರಿಸಿದಂಗೆ ಆಯ್ತು. "ಇ ಅಕ್ಷರಕ್ಕೆ ಒಂದೇ ಒಂದು ಡಿ ಅಲ್ವ ಜಂಪಣ್ಣ? ನನಗೆ ಅದೊಂದು ಬರುತ್ತೆ. ಅವ್ಳು ಕೊನೆಗೆ ಉದ್ದ ಒತ್ತು ಒತ್ತೋಳು. ಇಷ್ಟು ವರ್ಷ ಪೊಲೀಸಿನಾಗಿದ್ದು ನಿಮ್ಗೆ ಒಂದು ಸುಳ್ಳು ಕಟ್ಟಾಕೆ ಬರಲಿಲ್ವಾ?"

ಜಂಪಣ್ಣ ನಗಾಕೆ ನೋಡಿದ, ಆಗಲಿಲ್ಲ. ಶಂಕ್ರಮ್ಮ ಗಂಡನ ಮುಖ ನೋಡಿ ಒಳಗೆ ಹೋದ್ಲು.

"ನನ್ನ ಬಾಯಿಂದ ಹೇಳ್ಸಬೇಡ" ಅಂದ ಜಂಪಣ್ಣ. "ಅಕ್ಷರ ಎಲ್ಲಿ ಕಡಿಯುತ್ತೆ ಅಂತ ಹೇಳ್ತೀನಿ. ಮೊದಲನೇದು ಎರಡು ಬಡಿತ. ಆಮೇಲೆ ಮೂರು. ಆಮೇಲೆ ನಾಲ್ಕು. ಕೊನೇದು ಮೂರು. ಎರಡು, ಮೂರು, ನಾಲ್ಕು, ಮೂರು. ಆಯಮ್ಮ ಬರೆದ ಚಾರ್ಟು ಐತಲ್ಲ ಮನೆಯಾಗೆ, ಅದ್ರಾಗೆ ನೋಡ್ಕ. ಓದ್ಬೇಡ ಅನ್ನಿಸಿದ್ರೆ ಓದ್ಬೇಡ. ಮಂಡಕ್ಕಿ ತಿನ್ನು ಮೊದ್ಲು."

ಕೆಂಚೇಶ ಮಂಡಕ್ಕಿ ತಿಂದ. ಮೆಣಸಿನಕಾಯಿನೂ ತಿಂದ. ಖಾರಕ್ಕೆ ಕಣ್ಣಾಗೆ ನೀರು ಬಂದಿದ್ದು ಒಳ್ಳೇದೇ ಆಯ್ತು.

ವಾಪಸ್ಸು ಬರೋ ಬಸ್ಸಿನಾಗೆ ಬಾಯಿ ಮುಚ್ಕಳೋ ಅವಶ್ಯ ಇರ್ಲಿಲ್ಲ. ಆದ್ರೂ ಮಾತಾಡ್ಲಿಲ್ಲ.

ಮನೆ ಬಾಗ್ಲು ತೆಗೆದಾಗ ಸಂಜೆ ಬಿಸಿಲು ಚಾರ್ಟಿನ ಮೇಲೆ ಬಿದ್ದಿತ್ತು. ಮಮತಾ ಅಕ್ಷರ ದುಂಡಗೆ, ಟೈಪ್ ಹೊಡೆದಂಗೆ. ಕೆಂಚೇಶ ಚಪ್ಪಲಿ ಕೂಡ ಬಿಡದೆ ಅದ್ರ ಎದುರು ನಿಂತ. ಎರಡು ಬಡಿತ, ಡಾಡಿ. ಬೆರಳು ಇಟ್ಟು ಹುಡುಕಿದ. ಎನ್. ಮೂರು, ಡಾಡಾಡಾ. ಓ. 'ನೋ' ಅಂತ ಬಾಯಾಗೆ ಅಂದ್ಕಂಡ. ನೋಡು ಅಂತ ಇರಬಹುದಾ? ನಾಲ್ಕು ಬಡಿತ, ಡಿಡಿಡಿಡಾ. ವಿ. ಕೊನೇದು ಹುಡುಕಾಕೆ ಬೆರಳು ಮುಂದೆ ಹೋಗಲಿಲ್ಲ, ಹುಡುಕದೇ ಗೊತ್ತಾಗಿತ್ತು. ಆದ್ರೂ ಹುಡುಕಿದ. ಡಿಡಿಡಾ. ಯು.

ನೋವು.

ಬರೀ ಅಷ್ಟೇ. ಡಾಕ್ಟ್ರಿಗೆ ಪರವಾಗಿಲ್ಲ, ತಂಗಿಗೆ ಪರವಾಗಿಲ್ಲ, ಟೀಚರಿಗೆ ಪರವಾಗಿಲ್ಲ. ಯಾರಿಗಾದ್ರೂ ಒಬ್ರಿಗೆ ಹೇಳ್ಕಬೇಕಿತ್ತು, ಕೇಳಿದೋರಿಗೆ ತಿಳಿಯಬಾರ್ದಾಗಿತ್ತು. ಅಂಥಾ ಮನುಷ್ಯ ಅವ್ಳಿಗೆ ಮನೆಯಾಗೇ ಒಬ್ಬ ಇದ್ದ. ಅವ್ನು ದಿನಾ ತಲೆ ಅಲ್ಲಾಡಿಸಿ, ಮುಟ್ತು, ತಿಳೀತು ಅಂತ ಹೇಳಿ, ಬೆದರುಗೊಂಬೆ ಕಥೆ ಶುರು ಮಾಡ್ತಿದ್ದ.

ಆ ಭುಜ ಅಲ್ಲಾಡಿದ್ದು ನೆನಪಾಯ್ತು. ಕಣ್ಣಾಗಿನ ನೀರು. ನಗು ಅಂದ್ಕಂಡಿದ್ದ. ನಗೂನೇ ಇದ್ದಿರಬಹುದು. ಸದ್ದಿದ್ದಿದ್ರೆ ಗೊತ್ತಾಗ್ತಿತ್ತು. ಸದ್ದು ಡಾಕ್ಟ್ರು ತೆಗೆದಿದ್ರು. ಕೆಂಚೇಶ ಒಂದೊಂದೇ ಮಧ್ಯಾಹ್ನ ನೆನೆಸ್ಕಂಡು, ಇದು ನಗು, ಇದು ಅ… ಅಂತ ಬೇರೆ ಮಾಡಾಕೆ ನೋಡಿದ. ಆಗಲಿಲ್ಲ. ಕತ್ತಲಾದ್ರೂ ದೀಪ ಹಾಕಲಿಲ್ಲ, ಚಪ್ಪಲಿ ಬಿಡಲಿಲ್ಲ.

ಬೆಳಿಗ್ಗೆ ಕಾಫಿ ಮಾಡ್ಕಂಡ. ಟವೆಲ್ಲು ತೆಗೆದು ಸೆಟ್ ಆನ್ ಮಾಡಿದ. ಇಷ್ಟು ದಿನ ಇಲ್ದೋನು ಬಂದ ಅಂತ ನೆಟ್‌ನಾಗೆ ಸಂಭ್ರಮ.

"ಕೆಂಚೇಶಣ್ಣ! ಹೊನ್ನಾಳಿಯಿಂದ ಪ್ರಸನ್ನ. ನಿನ್ನ ಧ್ವನಿ ಇಲ್ದೆ ನೆಟ್ಟು ಬಿಕೋ ಅಂತಿತ್ತು ಮಾರಾಯ. ಒಂದು ಬಿಡಪ್ಪ, ದೊಡ್ಡದು. ಓವರ್."

ಕೆಂಚೇಶ ಮೈಕ್ ಕೈಗೆ ತಗೊಂಡ. ಬಾಯಿ ತೆಗೆದ. ಏನೂ ಬರಲಿಲ್ಲ. ಹುಟ್ಟಿದಾಗಿನಿಂದ ಹಿಂಗಾಗಿರ್ಲಿಲ್ಲ. ಮೈಕ್ ಕೆಳಗಿಟ್ಟ. ಪಕ್ಕದಾಗೆ ಮಮತಾ ಮೋರ್ಸ್ ಬಡೀತಿದ್ದ ಕೀ ಇತ್ತು, ಹಿತ್ತಾಳೆದು, ಅವ್ಳ ಬೆರಳು ತಾಗೋ ಕಡೆ ಹೊಳಪಾಗಿತ್ತು. ಅವ್ನ ಲೈಸೆನ್ಸಿಗೆ ಅದನ್ನ ಮುಟ್ಟೋ ಯೋಗ್ಯತೆ ಇತ್ತೋ ಇಲ್ವೋ, ಆ ಹೊತ್ತಿಗೆ ಅವ್ನು ಕಾನೂನು ನೋಡ್ಲಿಲ್ಲ. ಮೆಲ್ಲಗೆ, ತಡವರಿಸ್ತಾ, ಮಗು ಅಕ್ಷರ ತಿದ್ದಿದಂಗೆ ಒತ್ತಿದ.

ಡಾಡಿ. ಡಾಡಾಡಾ. ಡಿಡಿಡಿಡಾ. ಡಿಡಿಡಾ.

ಕೊನೇದಕ್ಕೆ ಬೆರಳು ಎತ್ತಲಿಲ್ಲ. ನಾಲ್ಕೂರ ಮೇಲೆ ಒಂದೇ ಸದ್ದು ಉದ್ದಕ್ಕೆ ಕೂಗ್ತಾ ಇತ್ತು. ಆಮೇಲೆ ಎತ್ತಿದ.

"ನ್ಯಾಮತಿ ಗಂಗೋತ್ರಿ" ಅಂತ ಟೀಚರು ಬಂದ್ರು. "ಕೆಂಚೇಶಣ್ಣ, ಅದೇನು ಹೊಸ ಕಥೆನಾ? ನಮಗೆ ಮೋರ್ಸ್ ತಿಳಿಯಲ್ಲ, ಬಾಯಾಗೆ ಹೇಳಿ. ಓವರ್."

"ನನಗೆ ತಿಳೀತು" ಅಂದ ಜಂಪಣ್ಣ, ಜಗಳೂರಿಂದ. "ಕ್ಯೂಎಸ್‌ಎಲ್, ಕೆಂಚೇಶಪ್ಪ. ಮುಟ್ತು."

ಆಮೇಲೆ ಜಂಪಣ್ಣ ಗಂಟಲು ಸರಿ ಮಾಡ್ಕಂಡ. ಪೊಲೀಸ್ ವೈರ್‌ಲೆಸ್‌ನಾಗೆ ಇಡೀ ಸರ್ವೀಸು ನಿಜನೇ ಹೇಳಿದೋನು, ಎರಡು ದಿನದಾಗೆ ಎರಡನೇ ಸಲ ಬೇರೆ ಕೆಲಸಕ್ಕೆ ಕೈ ಹಾಕಿದ.

"ಕೇಳು ಕೆಂಚೇಶಪ್ಪ. ನಮ್ಮ ಜಗಳೂರು ಕೆರೆಯಾಗೆ… ಒಂದು ಮೀನಿತ್ತು."

ಎಲ್ರೂ ವಾಲ್ಯೂಮ್ ಏರಿಸಿದ್ರು.

"ದೊಡ್ಡದಿತ್ತು. ಭಾಳ ದೊಡ್ಡದು." ಜಂಪಣ್ಣ ಯೋಚನೆ ಮಾಡೋ ಸದ್ದು ಮೈಕಿನಾಗೇ ಕೇಳಿಸ್ತಿತ್ತು. ಹಿಂದುಗಡೆ ಶಂಕ್ರಮ್ಮ, 'ಅದಕ್ಕೆ ಮೀಸೆ ಇತ್ತು ಅನ್ರಿ' ಅಂತ ಪಿಸುಗುಟ್ಟಿದ್ಲು. "ಅದಕ್ಕೆ ಮೀಸೆ ಇತ್ತು. ಒಂದಿನ ಅದು ಸ್ಟೇಷನ್ನಿಗೆ ಬಂತು. ಬಂದು… ಕಂಪ್ಲೇಂಟ್ ಕೊಡ್ತು."

"ಏನಂತ ಕಂಪ್ಲೇಂಟು? ಓವರ್" ಅಂದ ಪ್ರಸನ್ನ.

"ಅದು… ನೆನಪಿಲ್ಲ. ಬರ್ಕಂಡ್ವಿ."

ಅಂಥಾ ಕೆಟ್ಟ ಸುಳ್ಳು ನಾಲ್ಕು ತಾಲ್ಲೂಕಿನಾಗೆ ಯಾರೂ ಕೇಳಿರ್ಲಿಲ್ಲ. ತಲೆ ಇಲ್ಲ, ಬಾಲ ಇಲ್ಲ, ಮೀಸೆ ಮಾತ್ರ ಐತೆ. ಆದ್ರೆ ಜಂಪಣ್ಣ ನಿಲ್ಲಿಸಲಿಲ್ಲ, ಮುಂದೆ ಹೇಳ್ತಾನೇ ಹೋದ. ಚನ್ನಗಿರಿಯಾಗೆ ಕೆಂಚೇಶ ಎರಡೂ ಕೈ ಮೊಣಕಾಲ ಮೇಲೆ ಇಟ್ಕಂಡು ಕೇಳ್ತಿದ್ದ. ಕಾಫಿ ಆರ್ತಿತ್ತು. ಭುಜ ಅಲ್ಲಾಡ್ತಿತ್ತು, ಕಣ್ಣಾಗೆ ನೀರು ಬರ್ತಿತ್ತು. ನಗ್ತಿದ್ನೋ ಏನೋ. ಮೈಕ್ ಆಫ್ ಇತ್ತು, ರೇಡಿಯೊದಾಗೆ ಅದು ಗೊತ್ತಾಗಲ್ಲ.